ಹೊಟ್ಟೆ ಕಟ್ಟಿದ ಮಕ್ಕಳು

ಅಂಗನವಾಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವಳು ನಾನು. ಮಕ್ಕಳನ್ನು ಬಿಡಲಿಕ್ಕೆ ಬರುವ ತಾಯಂದಿರು ಜ್ವರದ ಬಗ್ಗೆ ಎಲ್ಲರೆದುರು ಮಾತಾಡುತ್ತಾರೆ, ಕಜ್ಜಿಯ ಬಗ್ಗೆ ಮಾತಾಡುತ್ತಾರೆ, ಊಟ ಮಾಡುವುದಿಲ್ಲ ಎಂದು ದಿನಾ ದೂರು ಹೇಳುತ್ತಾರೆ. ಒಂದು ಸಂಗತಿಯನ್ನು ಮಾತ್ರ ಎಲ್ಲರೂ ಹೋದ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ, ತಲೆ ತಗ್ಗಿಸಿ ಹೇಳುತ್ತಾರೆ. "ಟೀಚರೇ, ಇವಳು ಕಕ್ಕಸಿಗೆ ಹೋಗದೆ ನಾಲ್ಕು ದಿನ ಆಯ್ತು. ಎಂತ ಮಾಡುವುದು?"

ವಾಚನಾಲಯದವರು ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಎಂದಾಗ ಇದನ್ನೇ ಬರೆಯುತ್ತೇನೆ ಎಂದೆ. ಕಾರ್ಯದರ್ಶಿಯವರು ಒಮ್ಮೆ ನಕ್ಕರು. ಆಮೇಲೆ ಅವರೇ ತಮ್ಮ ಮೊಮ್ಮಗಳ ವಿಷಯ ಕೇಳಿದರು. ಹೀಗೆ ನಗುವವರೆಲ್ಲರ ಮನೆಯಲ್ಲೂ ಒಂದು ಮಗುವಿನ ಕಥೆ ಇರುತ್ತದೆ ಎಂಬುದು ನನ್ನ ಅನುಭವ.

ಇದಕ್ಕೆ ನಮ್ಮಲ್ಲಿ ಸರಿಯಾದ ಮಾತೇ ಇಲ್ಲ. ಪುಸ್ತಕದಲ್ಲಿ ಮಲಬದ್ಧತೆ ಎಂದು ಇರುತ್ತದೆ. ಆ ಶಬ್ದವನ್ನು ಬಾಯಲ್ಲಿ ಹೇಳಿದ ತಾಯಿಯನ್ನು ನಾನು ಕಂಡಿಲ್ಲ. ಹೊಟ್ಟೆ ಕಟ್ಟಿದೆ ಎನ್ನುತ್ತೇವೆ, ಸರಿಯಾಗಿ ಹೋಗುವುದಿಲ್ಲ ಎನ್ನುತ್ತೇವೆ. ಹಿಂದಿನವರು ಗುಡ್ಡೆಗೆ ಹೋಗುವುದು ಎನ್ನುತ್ತಿದ್ದರು. ಶಾಲೆಯ ಮಕ್ಕಳಿಗೆ ಒಂದಕ್ಕೆ, ಎರಡಕ್ಕೆ. ಒಂದು ಬೆರಳು ಎತ್ತಿದರೆ ಮೂತ್ರಕ್ಕೆ, ಎರಡು ಎತ್ತಿದರೆ ಮತ್ತೊಂದಕ್ಕೆ. ಹೀಗೆ ಮುಚ್ಚಿಟ್ಟು ಮಾತಾಡುವುದರಿಂದ ತೊಂದರೆ ಇರುವ ಮಗುವಿಗೆ ತನಗೆ ಮಾತ್ರ ಹೀಗೆ ಎಂದು ಅನಿಸುತ್ತದೆ. ತಾಯಿಗೂ ಹಾಗೆಯೇ.

ಆದರೆ ಲೆಕ್ಕ ಬೇರೆ ಹೇಳುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ನೂರು ಮಕ್ಕಳಲ್ಲಿ ಸುಮಾರು 9.5 ಮಕ್ಕಳಿಗೆ ಈ ತೊಂದರೆ ಇದೆ. ಅಂದರೆ ಇಪ್ಪತ್ತು ಮಕ್ಕಳ ನನ್ನ ಅಂಗನವಾಡಿಯಲ್ಲಿ ಯಾವಾಗಲೂ ಇಬ್ಬರು. ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು. ಹೊಟ್ಟೆಯ ಕಾಯಿಲೆಗೇ ಮೀಸಲಾದ ಮಕ್ಕಳ ವೈದ್ಯರ ಬಳಿ ಬರುವವರಲ್ಲಿ ನೂರಕ್ಕೆ ಇಪ್ಪತ್ತೈದರವರೆಗೂ ಇದೇ ಕಾರಣಕ್ಕೆ ಬರುವವರಂತೆ. ಇವರಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಮಕ್ಕಳ ಕರುಳಿನಲ್ಲಿ ಹುಟ್ಟಿನಿಂದ ಬಂದ ದೋಷವಾಗಲಿ, ಬೇರೆ ರೋಗವಾಗಲಿ ಇರುವುದಿಲ್ಲ. ಕರುಳು ಸರಿಯಾಗಿದೆ, ಅದರ ಅಭ್ಯಾಸ ಕೆಟ್ಟಿದೆ, ಅಷ್ಟೇ.

ದಿನಾ ಹೋಗದಿದ್ದರೆ ರೋಗ ಎಂದು ನಮ್ಮ ಹಿರಿಯರು ತಿಳಿದಿದ್ದಾರೆ. ಹಾಗಿಲ್ಲ. ವೈದ್ಯರು ನೋಡುವ ಲಕ್ಷಣಗಳು ಇವು: ವಾರಕ್ಕೆ ಎರಡು ಸಲ ಅಥವಾ ಅದಕ್ಕಿಂತ ಕಡಿಮೆ ಹೋಗುವುದು, ಹೋಗುವಾಗ ನೋವು, ಗಟ್ಟಿ, ಬಂದದ್ದು ಬೇಕೆಂದೇ ತಡೆದು ಹಿಡಿಯುವುದು, ಕಕ್ಕಸು ಕಟ್ಟಿಹೋಗುವಷ್ಟು ದಪ್ಪಕ್ಕೆ ಹೋಗುವುದು, ಕಕ್ಕಸಿನ ಅಭ್ಯಾಸ ಆದ ಮೇಲೂ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಆಗುವುದು, ಪರೀಕ್ಷೆ ಮಾಡಿದಾಗ ಗುದನಾಳದಲ್ಲಿ ಗಟ್ಟಿ ಮುದ್ದೆ ತುಂಬಿರುವುದು. ಇವುಗಳಲ್ಲಿ ಎರಡಾದರೂ ಒಂದು ತಿಂಗಳಿನಿಂದ ಇದ್ದರೆ ಅದು ಮಲಬದ್ಧತೆ. ಎರಡು ದಿನಕ್ಕೊಮ್ಮೆ ಮೆತ್ತಗೆ, ನೋವಿಲ್ಲದೆ ಹೋಗುವ ಮಗುವಿಗೆ ಏನೂ ಆಗಿಲ್ಲ. ದಿನಾ ಹೋಗುವ, ಆದರೆ ಆಡಿನ ಹಿಕ್ಕೆಯ ಹಾಗೆ ನಾಲ್ಕು ಗುಳಿಗೆ ಮಾತ್ರ ಹಾಕಿ ಬರುವ ಮಗುವಿಗೆ ತೊಂದರೆ ಇರಬಹುದು. 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಇದರ ಏಳು ಬಗೆಗಳ ಒಂದು ಚಿತ್ರಪಟ ಮಾಡಿದ್ದಾರೆ. ಮೊದಲನೆಯದು ಗಟ್ಟಿ ಗುಳಿಗೆ, ಏಳನೆಯದು ಬರೀ ನೀರು. ಮೂರು, ನಾಲ್ಕು ಒಳ್ಳೆಯದು. ಮಾತಿನಲ್ಲಿ ಹೇಳಲು ನಾಚುವ ತಾಯಂದಿರು ಆ ಚಿತ್ರ ತೋರಿಸಿದರೆ ಥಟ್ಟನೆ ಬೆರಳಿಟ್ಟು ತೋರಿಸುತ್ತಾರೆ.

ಇದು ಶುರುವಾಗುವ ಹೊತ್ತು ಸಾಮಾನ್ಯವಾಗಿ ಮೂರು. ಎದೆಹಾಲಿನಿಂದ ಗಂಜಿ, ಮಣ್ಣಿಗೆ ಬರುವಾಗ ಒಂದು. ಕಕ್ಕಸಿನಲ್ಲಿ ಕೂರುವ ಅಭ್ಯಾಸ ಮಾಡಿಸುವಾಗ ಎರಡು. ಶಾಲೆಗೆ ಸೇರಿದಾಗ ಮೂರು. ಮೊದಲಿನ ಎರಡನ್ನು ಮನೆಯವರು ಕಾಣುತ್ತಾರೆ. ಮೂರನೆಯದು ಕಣ್ಣಿಗೆ ಬೀಳುವುದಿಲ್ಲ. ನಾನು ಈಗ ಹೇಳಬೇಕೆಂದಿರುವುದು ಆ ಮೂರನೆಯದರ ಬಗ್ಗೆ.

ನಮ್ಮ ನೆರೆಮನೆಯ ಒಬ್ಬ ಹುಡುಗ ಮೂರು ವರ್ಷ ನನ್ನ ಅಂಗನವಾಡಿಯಲ್ಲಿ ಇದ್ದ. ಅವನ ತಾಯಿಯ ಒಪ್ಪಿಗೆ ಕೇಳಿ ಬರೆಯುತ್ತಿದ್ದೇನೆ, ಹೆಸರು ಬೇಡ. ಈಗ ಅವನು ದೊಡ್ಡ ತರಗತಿಯಲ್ಲಿದ್ದಾನೆ. ನನ್ನಲ್ಲಿದ್ದಾಗ ಅವನಿಗೆ ಈ ವಿಷಯದಲ್ಲಿ ಏನೂ ತೊಂದರೆ ಇರಲಿಲ್ಲ. ಬೆಳಿಗ್ಗೆ ಬಂದು ಅರ್ಧ ಗಂಟೆಯಲ್ಲಿ "ಟೀಚರ್, ಎರಡಕ್ಕೆ" ಎನ್ನುವುದು, ಆಯಾ ಕರೆದುಕೊಂಡು ಹೋಗುವುದು, ಮುಗಿಯಿತು. 2019ರ ಜೂನಿನಲ್ಲಿ ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಸೇರಿದ. ಆ ವರ್ಷ ಆ ತರಗತಿಗೆ ಬಂದ ಅಧ್ಯಾಪಿಕೆ ತೆಂಕಣ ಜಿಲ್ಲೆಯವರು. ಅವರಿಗೆ ಕನ್ನಡ ಬಾರದು, ತುಳುವಂತೂ ಕೇಳಿಯೇ ಇರಲಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದವರನ್ನು ನೇಮಿಸುವುದರ ಬಗ್ಗೆ ಧರಣಿ, ಮನವಿ ಎಲ್ಲ ಆಗಿದೆ, ಓದುಗರಿಗೆ ಗೊತ್ತುಂಟು. ಆ ಚರ್ಚೆಯಲ್ಲಿ ಪಾಠದ ಮಾತು ಬರುತ್ತದೆ, ಪರೀಕ್ಷೆಯ ಮಾತು ಬರುತ್ತದೆ. ಆರು ವರ್ಷದ ಮಗು ಕಕ್ಕಸಿಗೆ ಹೋಗಬೇಕೆಂದು ಯಾವ ಭಾಷೆಯಲ್ಲಿ ಕೇಳಬೇಕು ಎಂಬ ಮಾತು ಬಂದದ್ದು ನನಗೆ ನೆನಪಿಲ್ಲ.

ಹುಡುಗ ಮೊದಲ ವಾರದಲ್ಲಿ ಎರಡು ಬೆರಳು ಎತ್ತಿದ್ದಾನೆ. ಅಧ್ಯಾಪಿಕೆಗೆ ಅದು ಅರ್ಥವಾಗಲಿಲ್ಲ; ಏನೋ ಲೆಕ್ಕದ ಉತ್ತರ ಹೇಳುತ್ತಾನೆ ಎಂದುಕೊಂಡು ಕೂತುಕೋ ಎಂದು ಸನ್ನೆ ಮಾಡಿದರಂತೆ. ಪಕ್ಕದ ಮಕ್ಕಳು ನಕ್ಕರು. ಅಲ್ಲಿಗೆ ಆಯಿತು. ಮರುದಿನದಿಂದ ಅವನು ಬೆರಳು ಎತ್ತಲಿಲ್ಲ. ಆ ಅಧ್ಯಾಪಿಕೆ ಕೆಟ್ಟವರಲ್ಲ. ಅವರು ಕೂಡ ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಭಾಷೆಯ ಮೂವತ್ತು ಮಕ್ಕಳ ನಡುವೆ ನಿಂತಿದ್ದರು. ಇನ್ನು ಇಂಟರ್‌ವಲ್ಲಿಗೆ ಹೋಗಬಹುದಿತ್ತಲ್ಲ ಎಂದರೆ, ಹತ್ತು ನಿಮಿಷದ ಇಂಟರ್‌ವಲ್ಲು, ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ, ದೊಡ್ಡ ಮಕ್ಕಳು ಹೊರಗಿನಿಂದ ಬಾಗಿಲು ದೂಡುತ್ತಾರೆ. ಚಿಲಕ ಇಲ್ಲದ ಕಕ್ಕಸಿಗೆ ನಾವಾದರೂ ಹೋಗುತ್ತೇವಾ?

ಹಿಡಿದುಕೊಂಡರೆ ಒಳಗೆ ಆಗುವುದು ಹೀಗೆ. ನಾವು ಉಂಡ ಮೇಲೆ ದೊಡ್ಡ ಕರುಳು ಅಲುಗಾಡಿ ಮಲವನ್ನು ಕೆಳಗೆ ತಳ್ಳುತ್ತದೆ. ಗುದನಾಳ ತುಂಬಿದಾಗ ಅಲ್ಲಿಯ ನರಗಳು ಈಗ ಹೋಗಬೇಕು ಎಂದು ಹೇಳುತ್ತವೆ. ಆಗ ಕಾಲು ಬಿಗಿ ಹಿಡಿದು ನಿಂತರೆ ಆ ಅವಸರ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಆದರೆ ಮಲ ಅಲ್ಲೇ ಉಳಿಯುತ್ತದೆ. ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಉಳಿದಷ್ಟೂ ಹೊತ್ತು ಹೀರುತ್ತಲೇ ಇರುತ್ತದೆ. ಇಂದು ಮೆತ್ತಗಿದ್ದದ್ದು ನಾಡಿದ್ದಿಗೆ ಕಲ್ಲಾಗುತ್ತದೆ. ಅದು ಹೊರಗೆ ಬರುವಾಗ ಗುದದ ಬಾಯಿ ಸೀಳಿ ರಕ್ತ ಬರುತ್ತದೆ, ಜೀವ ಹೋಗುವಷ್ಟು ನೋವಾಗುತ್ತದೆ. ನೋವು ತಿಂದ ಮಗು ಮುಂದಿನ ಸಲ ಇನ್ನಷ್ಟು ಬಲವಾಗಿ ಹಿಡಿಯುತ್ತದೆ. ಹಿಡಿದಷ್ಟು ಗಟ್ಟಿ, ಗಟ್ಟಿಯಾದಷ್ಟು ನೋವು, ನೋವಾದಷ್ಟು ಹಿಡಿತ. ಗಾಣದ ಎತ್ತಿನ ಹಾಗೆ ಅದೇ ಸುತ್ತು.

ತಿಂಗಳುಗಟ್ಟಲೆ ಹೀಗಾದರೆ ಗುದನಾಳ ಹಿಗ್ಗಿ ಜೋಲುತ್ತದೆ. ಆಮೇಲೆ ತುಂಬಿದ್ದೂ ಮಗುವಿಗೆ ತಿಳಿಯುವುದಿಲ್ಲ. ಮೇಲಿನಿಂದ ಬರುವ ತೆಳು ಮಲ ಆ ಗಟ್ಟಿ ಮುದ್ದೆಯ ಬದಿಯಿಂದ ಜಿನುಗಿ ಚಡ್ಡಿಗೆ ಇಳಿಯುತ್ತದೆ. ಮಗುವಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ, ಹಿಡಿಯಲಿಕ್ಕೂ ಆಗುವುದಿಲ್ಲ. ಈ ಒಂದು ಸಂಗತಿಯನ್ನು ದಯಮಾಡಿ ಎರಡು ಸಲ ಓದಿ. ಚಡ್ಡಿಯಲ್ಲಿ ಮಾಡಿಕೊಳ್ಳುವ ದೊಡ್ಡ ಮಗು ಸೋಮಾರಿಯಲ್ಲ, ಹಠಮಾರಿಯಲ್ಲ. ಅದಕ್ಕೆ ಹೊಟ್ಟೆ ಕಟ್ಟಿರುವ ಸಂಭವವೇ ಹೆಚ್ಚು.

ಹುಡುಗನಿಗೆ ಆದದ್ದು ಇದೇ. ಆಟಿ ತಿಂಗಳು ಮುಗಿಯುವಷ್ಟರಲ್ಲಿ ಚಡ್ಡಿ ಕೊಳೆಯಾಗಲು ಶುರುವಾಯಿತು. ಶಾಲೆಯಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು, ಒಂದು ಅಡ್ಡಹೆಸರೂ ಬಿತ್ತು. ಮನೆಯಲ್ಲಿ ತಂದೆ ನಾಗರಬೆತ್ತ ತೆಗೆದರು. ಅಜ್ಜಿ ದೃಷ್ಟಿ ತೆಗೆದರು, ಆಮೇಲೆ ಹುಳದ ಮದ್ದು ಕೊಡಿ ಎಂದರು. ತಾಯಿ ದಿನಕ್ಕೆ ಮೂರು ಚಡ್ಡಿ ಒಗೆಯುತ್ತಿದ್ದಳು. "ಅವ ಬೇಕೂಂತಲೇ ಮಾಡುದು ಟೀಚರೇ. ಕೇಳಿದ್ರೆ ನಂಗೆ ಗೊತ್ತೇ ಆಗ್ಲಿಲ್ಲ ಅಂತಾನೆ. ಇಷ್ಟು ದೊಡ್ಡ ಹುಡುಗನಿಗೆ ಗೊತ್ತಾಗುದಿಲ್ವಾ?" ಓಣಂ ರಜೆಯಲ್ಲಿ ಸ್ವಲ್ಪ ಕಡಿಮೆಯಾಯಿತು. ಶಾಲೆ ತೆರೆದ ಮೇಲೆ ಪುನಃ ಅದೇ.

ಆಕೆ ಅವನನ್ನು ಆಸ್ಪತ್ರೆಗೂ ಕರೆದುಕೊಂಡು ಹೋಗಿದ್ದಳು. ಅಲ್ಲಿಯೂ ಭಾಷೆ ಅಡ್ಡ ಬಂತು. ಅವಳು ವಿಟ್ಲ ಕಡೆಯಿಂದ ಮದುವೆಯಾಗಿ ಬಂದವಳು, ಮಲಯಾಳ ಅರ್ಧಂಬರ್ಧ. ವೈದ್ಯರು "ವಯಟ್ಟಿಲ್ ನಿನ್ನ್ ಪೋಗುನ್ನುಂಡೋ?" ಎಂದು ಕೇಳಿದರು. ಹೊಟ್ಟೆಯಿಂದ ಹೋಗುತ್ತದಾ ಎಂದು ಶಬ್ದದ ಅರ್ಥ. ಕಕ್ಕಸಿಗೆ ಸರಿಯಾಗಿ ಹೋಗುತ್ತಾನಾ ಎಂದು ಮಲಯಾಳದಲ್ಲಿ ಕೇಳುವುದೇ ಹಾಗೆ. ಇವಳು ಭೇದಿ ಆಗುತ್ತದಾ ಎಂದು ಕೇಳಿದ್ದು ಎಂದುಕೊಂಡಳು. ಚಡ್ಡಿಯಲ್ಲಿ ದಿನಾ ತೆಳ್ಳಗೆ ಆಗುವುದನ್ನು ಕಂಡವಳಲ್ಲವೇ? "ಉಂಡ್, ದಿವಸಂ ನಾಲಂಜ್ ವಟ್ಟಂ" ಎಂದಳು. ದಿನಕ್ಕೆ ನಾಲ್ಕೈದು ಸಲ. ರೋಗಿಗಳ ಸಾಲು ಉದ್ದ ಇತ್ತು. ಭೇದಿ ನಿಲ್ಲುವ ಮದ್ದು ಬರೆದುಕೊಟ್ಟರು. ಕಟ್ಟಿದ ಹೊಟ್ಟೆಗೆ ಇನ್ನೂ ಕಟ್ಟುವ ಮದ್ದು ಬಿತ್ತು.

ನನಗೆ ಸಂಶಯ ಬಂದದ್ದು ಅವಳು ಬೇರೆ ಮಾತಿನ ನಡುವೆ ಹೇಳಿದ ಒಂದು ಮಾತಿನಿಂದ. ವಾರಕ್ಕೊಮ್ಮೆ ಅವನು ಹೋದರೆ ಕಕ್ಕಸೇ ಕಟ್ಟಿಹೋಗುತ್ತದೆ, ಎರಡು ಬಾಲ್ದಿ ನೀರು ಹೊಯ್ದರೂ ಹೋಗುವುದಿಲ್ಲ ಎಂದಳು. ಭೇದಿ ಇರುವ ಮಗುವಿಗೆ ಹಾಗೆ ಆಗುವುದುಂಟಾ? ಅದೇ ಸಂಜೆ ಅವನು ತೆಂಗಿನ ಮರ ಹಿಡಿದು, ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಹೆಣೆದು, ಮುಖ ಕೆಂಪು ಮಾಡಿಕೊಂಡಿದ್ದದ್ದನ್ನು ನೋಡಿದೆ. ಅಜ್ಜಿ "ನೋಡಿ, ಹೋಗ್ಲಿಕ್ಕೆ ಮುಕ್ಕುತ್ತಾ ಇದ್ದಾನೆ ಪಾಪ" ಎಂದರು. ಅವನು ಹೋಗದಿರಲಿಕ್ಕೆ ಪ್ರಯತ್ನ ಮಾಡುತ್ತಿದ್ದ. ಅಂಗನವಾಡಿಯಲ್ಲಿ ಇಂಥ ಮಕ್ಕಳನ್ನು ನೋಡಿ ಗೊತ್ತಿತ್ತು. ಹೋಗಲಿಕ್ಕೆ ಪ್ರಯತ್ನಿಸುವ ಮಗು ಮೊಣಕಾಲು ಮಡಚುತ್ತದೆ. ತಡೆಯುವ ಮಗು ನೆಟ್ಟಗೆ ನಿಂತು ಕಾಲು ಬಿಗಿಯುತ್ತದೆ.

ಡಿಸೆಂಬರಿನಲ್ಲಿ ನಾನೇ ಜೊತೆಗೆ ಹೋಗಿ ಮಂಗಳೂರಿನಲ್ಲಿ ಮಕ್ಕಳ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಹೊಟ್ಟೆ ಒತ್ತಿ ನೋಡಿ, ಎಡಗಡೆ ಕೆಳಗೆ ಗಟ್ಟಿಯಾಗಿ ಸಿಗುವುದನ್ನು ತಾಯಿಯ ಕೈ ಹಿಡಿದು ಮುಟ್ಟಿಸಿದರು. ಚಿತ್ರ ಬರೆದು ವಿವರಿಸಿದರು. ಆಮೇಲೆ ಹುಡುಗನ ಕಡೆ ತಿರುಗಿ, "ಇದು ನಿನ್ನ ತಪ್ಪಲ್ಲ, ಗೊತ್ತಾಯ್ತಾ?" ಎಂದರು. ಅವನು ನೆಲ ನೋಡುತ್ತಿದ್ದವನು ತಲೆ ಎತ್ತಿ ತಂದೆಯ ಮುಖ ನೋಡಿದ. ತಂದೆ ಆ ಹೊತ್ತಿಗೆ ಕಿಟಕಿ ನೋಡುತ್ತಿದ್ದರು.

ಚಿಕಿತ್ಸೆ ಎರಡು ಹಂತದ್ದು. ಮೊದಲು ಕಟ್ಟಿದ್ದನ್ನು ಹೊರಗೆ ಹಾಕಬೇಕು. ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಕೆಲವು ದಿನ ಹೆಚ್ಚು ಪ್ರಮಾಣದಲ್ಲಿ ಕೊಡುತ್ತಾರೆ. ಅದು ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ. ಲ್ಯಾಕ್ಟುಲೋಸ್ ಎಂಬ ಸಿಹಿ ದ್ರವವನ್ನೂ ಕೊಡುವುದುಂಟು. ಪ್ರಮಾಣ ಮಗುವಿನ ತೂಕದ ಮೇಲೆ, ವೈದ್ಯರೇ ಹೇಳಬೇಕು. ಮುಖ್ಯವಾದ ಮಾತೆಂದರೆ ಮದ್ದನ್ನು ಬೇಗ ನಿಲ್ಲಿಸಬಾರದು. ಹಿಗ್ಗಿದ ಗುದನಾಳ ಮೊದಲಿನ ಗಾತ್ರಕ್ಕೆ ಬರಲು, ನೋವಿನ ಹೆದರಿಕೆ ಮಗುವಿನ ಮನಸ್ಸಿನಿಂದ ಹೋಗಲು ಹೊತ್ತು ಬೇಕು. ಕನಿಷ್ಠ ಎರಡು ತಿಂಗಳು. ಲಕ್ಷಣಗಳೆಲ್ಲ ಹೋಗಿ ಒಂದು ತಿಂಗಳಾದರೂ ಕಳೆದ ಮೇಲೆ ಮೆಲ್ಲ ಮೆಲ್ಲ ಕಡಿಮೆ ಮಾಡುವುದು. ಅಭ್ಯಾಸವಾಗಿ ಹೋಗುತ್ತದೆ, ಕರುಳು ಸೋಮಾರಿಯಾಗುತ್ತದೆ ಎಂದು ನೆರೆಕರೆಯವರು ಹೆದರಿಸುತ್ತಾರೆ. ಈ ಮದ್ದಿನಲ್ಲಿ ಹಾಗಿಲ್ಲ. ಮದ್ದು ಬಿಟ್ಟದ್ದರಿಂದಲೇ ತೊಂದರೆ ಹೆಚ್ಚು.

ಅದು ನಮಗೆ ಕಣ್ಣಾರೆ ತಿಳಿಯಿತು. 2020ರ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ಗಡಿ ಮುಚ್ಚಿದರು. ಮದ್ದು ತರುತ್ತಿದ್ದದ್ದು ಮಂಗಳೂರಿನಿಂದ. ಡಬ್ಬಿ ಮುಗಿಯಿತು. ಹುಡುಗ ಚೆನ್ನಾಗಿಯೇ ಇದ್ದಾನಲ್ಲ, ಶಾಲೆಯೂ ಇಲ್ಲ, ಸಾಕು ಎಂದು ಮನೆಯವರು ಸುಮ್ಮನಾದರು. ಮೂರು ವಾರದಲ್ಲಿ ಪುನಃ ಚಡ್ಡಿ ಒಗೆಯುವ ಕೆಲಸ. ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ, ಹಳೆ ಚೀಟಿಯ ಫೋಟೋ ಕಳಿಸಿದೆವು. ಅದೇ ಮದ್ದು ಕಾಸರಗೋಡಿನ ಅಂಗಡಿಯಲ್ಲೇ ಸಿಗುತ್ತದೆ ಎಂದು ಗೊತ್ತಾಯಿತು. ಪುನಃ ಮೊದಲಿನಿಂದ ಶುರು ಮಾಡಬೇಕಾಯಿತು. ಸಂಪೂರ್ಣ ಬಿಟ್ಟದ್ದು ಮರುವರ್ಷ. ಆರರಿಂದ ಹನ್ನೆರಡು ತಿಂಗಳ ಚಿಕಿತ್ಸೆಯಲ್ಲಿ ಅರ್ಧದಷ್ಟು ಮಕ್ಕಳು ಮದ್ದಿಲ್ಲದೆ ಸರಿಯಾಗುತ್ತಾರೆ. ಉಳಿದವರಿಗೆ ಇನ್ನೂ ಹೆಚ್ಚು ಕಾಲ ಬೇಕು. ತಾಳ್ಮೆ ಬೇಕು, ಮಾರಾಯ್ರೆ.

ಮದ್ದಿನಷ್ಟೇ ಮುಖ್ಯವಾದದ್ದು ಕೂರುವ ಅಭ್ಯಾಸ. ಉಂಡ ಮೇಲೆ ಕರುಳು ತಾನಾಗಿ ಅಲುಗುವುದರಿಂದ, ಬೆಳಿಗ್ಗೆ ಮತ್ತು ರಾತ್ರಿ ಊಟದ ನಂತರ ಐದರಿಂದ ಹತ್ತು ನಿಮಿಷ ಮಗುವನ್ನು ಕೂರಿಸಬೇಕು. ಬಂದರೂ ಸರಿ, ಬಾರದಿದ್ದರೂ ಸರಿ. ಕೂತದ್ದಕ್ಕೇ ಶಹಭಾಸ್ ಹೇಳಬೇಕು. ಬೈಗುಳ, ಪೆಟ್ಟು ಬೇಡವೇ ಬೇಡ. ಹೆದರಿದ ಮಗು ಸ್ನಾಯು ಸಡಿಲ ಬಿಡುವುದಿಲ್ಲ. ಹಳೆ ಕಾಲದ ಕುಕ್ಕರುಗಾಲಿನ ಕಕ್ಕಸು ಈ ವಿಷಯದಲ್ಲಿ ಒಳ್ಳೆಯದು. ಈಗ ಗಲ್ಫಿನ ದುಡ್ಡಿನಲ್ಲಿ ಕಟ್ಟಿದ ಹೊಸ ಮನೆಗಳಲ್ಲೆಲ್ಲ ಕೊಮೋಡು. ನಾಲ್ಕು ವರ್ಷದ ಮಗು ಅದರ ಮೇಲೆ ಕೂತರೆ ಕಾಲು ಗಾಳಿಯಲ್ಲಿ ನೇತಾಡುತ್ತದೆ, ಬಿದ್ದುಹೋಗುತ್ತೇನೆ ಎಂದು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಕೂರುತ್ತದೆ. ಹಾಗೆ ಕೂತರೆ ಹೋಗುವುದೆಲ್ಲಿಂದ? ಕಾಲಿನ ಕೆಳಗೆ ಒಂದು ಮಣೆ ಇಡಿ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಲಿ. ಇದಕ್ಕೆ ಖರ್ಚಿಲ್ಲ.

ಊಟದ ಮಾತು. ನಮ್ಮ ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಅಲಸಂಡೆ, ಹರಿವೆ, ಬಸಳೆ, ಬಾಳೆದಿಂಡು, ನುಗ್ಗೆಸೊಪ್ಪು ಇವುಗಳಲ್ಲೆಲ್ಲ ನಾರು ಉಂಟು. ಹಿತ್ತಲಿನ ಪೇರಳೆ, ಪಪ್ಪಾಯಿ, ಹಲಸು ಇದ್ದೇ ಇದೆ. ಮಗುವಿನ ವಯಸ್ಸಿಗೆ ಐದು ಕೂಡಿಸಿದರೆ ಬರುವಷ್ಟು ಗ್ರಾಂ ನಾರು ದಿನಕ್ಕೆ ಬೇಕು ಎಂದು ಒಂದು ಸುಲಭ ಲೆಕ್ಕ ಇದೆ. ಆರು ವರ್ಷದವನಿಗೆ ಹನ್ನೊಂದು ಗ್ರಾಂ. ನೂರು ಗ್ರಾಂ ಪೇರಳೆಯಲ್ಲಿ ಐದು ಗ್ರಾಂಗೆ ಕಡಿಮೆಯಿಲ್ಲ. ಆದರೆ ಈಗ ಬೆಳಿಗ್ಗೆ ಬಿಸ್ಕೆಟು ಚಾ, ಶಾಲೆಯಿಂದ ಬಂದ ಮೇಲೆ ಬನ್ನು, ರಾತ್ರಿ ಪೊರೋಟ. ಬೇಕರಿಯ ಮೈದಾದಲ್ಲಿ ನಾರು ಹುಡುಕಬೇಕು. ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಯುವ ಮಗುವಿಗೆ ಊಟ ಸೇರುವುದಿಲ್ಲ, ಹೊಟ್ಟೆಯೂ ಕಟ್ಟುತ್ತದೆ. ಇಷ್ಟೆಲ್ಲ ಹೇಳಿದರೂ ಒಂದು ಎಚ್ಚರಿಕೆ. ಈಗಾಗಲೇ ಕಲ್ಲಾಗಿ ಕೂತದ್ದು ಬಾಳೆದಿಂಡಿನಿಂದ ಹೊರಗೆ ಬರುವುದಿಲ್ಲ. ಅಂಥ ಮಗುವಿಗೆ ಮೊದಲು ಮದ್ದು, ಆಮೇಲೆ ನಾರು. ನೀರಿನ ವಿಷಯವೂ ಹಾಗೆ. ಸಾಕಷ್ಟು ಕುಡಿಯಬೇಕು, ಆದರೆ ನೀರೊಂದೇ ಮದ್ದಲ್ಲ.

ಅಜ್ಜಿ ಮದ್ದುಗಳನ್ನು ನಾನು ತಮಾಷೆ ಮಾಡುವುದಿಲ್ಲ. ಹಿಂದೆ ಬೇರೆ ದಾರಿ ಇರಲಿಲ್ಲ. ಆದರೆ ಎಳೆ ಮಗುವಿಗೆ ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಹಿಂದೆ ತೂರಿಸುವುದು, ಸೋಪಿನ ಚೂರು ಇಡುವುದು, ಬಾಯಿಗೆ ಹರಳೆಣ್ಣೆ ಹೊಯ್ಯುವುದು, ಇವನ್ನು ಬಿಡಬೇಕು. ಒಳಗಿನ ತೆಳು ಚರ್ಮಕ್ಕೆ ಗಾಯವಾಗುತ್ತದೆ, ಮಗುವಿಗೆ ಹೆದರಿಕೆ ಕೂರುತ್ತದೆ. ಒಂದು ವರ್ಷದ ಒಳಗಿನ ಮಗುವಿಗೆ ಜೇನೂ ಕೊಡಬಾರದು. ಹುಳದ ಮಾತ್ರೆಯನ್ನು ಸರಕಾರವೇ ಶಾಲೆ, ಅಂಗನವಾಡಿಗಳಲ್ಲಿ ಕೊಡುತ್ತದೆ, ಅದು ಬೇಕು. ಆದರೆ ಹೊಟ್ಟೆ ಕಟ್ಟಿದ್ದಕ್ಕೆಲ್ಲ ಹುಳ ಕಾರಣ ಎಂದು ತಿಂಗಳಿಗೊಮ್ಮೆ ಮಾತ್ರೆ ತರುವುದರಿಂದ ಏನೂ ಆಗುವುದಿಲ್ಲ.

ಎಳೆ ಮಕ್ಕಳ ಬಗ್ಗೆ ಇನ್ನೊಂದು ಮಾತು. ತಿಂಗಳು ಕಳೆದ, ಎದೆಹಾಲು ಮಾತ್ರ ಕುಡಿಯುವ ಮಗು ದಿನಕ್ಕೆ ಐದಾರು ಸಲ ಹೋಗಬಹುದು, ವಾರಕ್ಕೊಮ್ಮೆಯೂ ಹೋಗಬಹುದು. ಮೆತ್ತಗಿದ್ದು, ಮಗು ಹಾಲು ಕುಡಿದು ತೂಕ ಏರುತ್ತಿದ್ದರೆ ಅದು ಸಹಜ. ಹೋಗುವ ಮೊದಲು ಹತ್ತಿಪ್ಪತ್ತು ನಿಮಿಷ ಮುಖ ಕೆಂಪು ಮಾಡಿ ಅಳುವುದೂ ಸಹಜವೇ. ಹೊಟ್ಟೆ ಒತ್ತುವುದು, ಕೆಳಗೆ ಸಡಿಲ ಬಿಡುವುದು, ಎರಡನ್ನೂ ಒಟ್ಟಿಗೆ ಮಾಡಲು ಅದು ಇನ್ನೂ ಕಲಿಯುತ್ತಿದೆ.

ಆದರೆ ತಡ ಮಾಡಬಾರದ ಲಕ್ಷಣಗಳು ಉಂಟು. ಹುಟ್ಟಿದ ಮಗು 48 ಗಂಟೆಯಲ್ಲೂ ಮೊದಲ ಕಪ್ಪು ಮಲ ಹಾಕದಿದ್ದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿ ಬಂದರೆ, ಹುಟ್ಟಿದ ತಿಂಗಳಿನಿಂದಲೇ ಕಟ್ಟುತ್ತಿದ್ದರೆ, ತೂಕ ಏರದಿದ್ದರೆ, ಕಾಲಿನಲ್ಲಿ ಬಲ ಇಲ್ಲದಿದ್ದರೆ, ರಕ್ತ ಹೆಚ್ಚು ಹೋದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಐದು ಸಾವಿರ ಮಕ್ಕಳಲ್ಲಿ ಒಂದಕ್ಕೆ ಕರುಳಿನ ಕೆಳಭಾಗದಲ್ಲಿ ನರಕೋಶಗಳೇ ಇಲ್ಲದೆ ಹುಟ್ಟುವ ರೋಗ ಬರುತ್ತದೆ. 1886ರಲ್ಲಿ ಅದನ್ನು ವಿವರಿಸಿದ ಡೆನ್ಮಾರ್ಕಿನ ವೈದ್ಯ ಹಿರ್ಷ್‌ಸ್ಪ್ರುಂಗ್ ಅವರ ಹೆಸರೇ ಅದಕ್ಕಿದೆ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಥೈರಾಯ್ಡ್ ಕಡಿಮೆ ಇದ್ದರೂ ಹೊಟ್ಟೆ ಕಟ್ಟುತ್ತದೆ. ನಡೆಯಲಾಗದ, ಮಲಗಿದಲ್ಲೇ ಇರುವ ಮಕ್ಕಳಲ್ಲಿ ಇದು ತುಂಬ ಸಾಮಾನ್ಯ. ನಮ್ಮ ಬಡ್ಸ್ ಶಾಲೆಗೆ ಬರುವ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಗ ರಾತ್ರಿಯೆಲ್ಲ ಯಾಕೆ ಅಳುತ್ತಾನೆ ಎಂದು ಬಾಯಿ ಬಾರದ ಮಗುವಿನ ಹೊಟ್ಟೆ ಮುಟ್ಟಿಯೇ ಅವರು ಹೇಳುತ್ತಾರೆ. ಅವರಿಗೆ ಮದ್ದು ನಿಲ್ಲದ ಹಾಗೆ ಸಿಗಬೇಕು, ಅಷ್ಟೇ.

ಇನ್ನು ಶಾಲೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲಿಕ್ಕೆ ಬೇರೆ ಗಂಟೆ ಬಾರಿಸುವ ಕ್ರಮ ಶುರುವಾದಾಗ ಪತ್ರಿಕೆಗಳೆಲ್ಲ ಬರೆದವು. ಒಳ್ಳೆಯ ಕೆಲಸ. ಆದರೆ ಅನೇಕ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದಲ್ಲ ಎನ್ನುತ್ತಾರೆ. ಬೆಳಿಗ್ಗೆ ತುಂಬಿಸಿಕೊಟ್ಟ ಬಾಟಲಿ ಸಂಜೆ ಹಾಗೆಯೇ ವಾಪಸು ಬರುತ್ತದೆ. ಅಂಥ ಮಕ್ಕಳಿಗೆ ಹೊಟ್ಟೆ ಕಟ್ಟುವುದರ ಜೊತೆಗೆ ಉರಿಮೂತ್ರವೂ ಬರುತ್ತದೆ. ತುಂಬಿದ ಗುದನಾಳ ಮೂತ್ರಕೋಶವನ್ನು ಒತ್ತುವುದರಿಂದ ರಾತ್ರಿ ಹಾಸಿಗೆ ಒದ್ದೆ ಮಾಡುವುದೂ ಇದರೊಟ್ಟಿಗೆ ಸೇರುತ್ತದೆ. ಗಂಟೆ ಬಾರಿಸಿದರೆ ಸಾಲದು, ಕಕ್ಕಸು ಸರಿ ಇರಬೇಕು.

ನೆರೆಮನೆಯ ಹುಡುಗನ ವಿಷಯ ಗೊತ್ತಾದ ಮೇಲೆ ನಾನು ಅವನ ತಾಯಿಯೊಂದಿಗೆ ಶಾಲೆಗೆ ಹೋಗಿ ಆ ಅಧ್ಯಾಪಿಕೆಯನ್ನು ಕಂಡೆ. ಮಲಯಾಳದಲ್ಲಿ ಎಲ್ಲ ವಿವರಿಸಿದೆ. ಅವರು ಕೇಳುತ್ತಾ ಕೇಳುತ್ತಾ ಕಣ್ಣು ಒರೆಸಿಕೊಂಡರು. ಆಮೇಲೆ ಒಂದು ಕಾಗದ ತೆಗೆದು, ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದರು. ಒಂದಕ್ಕೆ, ಎರಡಕ್ಕೆ, ಹೊಟ್ಟೆ ನೋವು, ನೀರು, ಹೆದರಿಕೆ, ವಾಂತಿ. ಪಕ್ಕದಲ್ಲಿ ಅವುಗಳ ತುಳು ಮಾತು. ಮಲಯಾಳ ಅಕ್ಷರದಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟರು. ಆ ಹುಡುಗ ಕೇಳದೆಯೇ ಹೋಗಿಬರಬಹುದು ಎಂದು ಒಂದು ಸಣ್ಣ ಮರದ ತುಂಡು ಮಾಡಿಸಿದರು. ಅದನ್ನು ಮೇಜಿನಿಂದ ತೆಗೆದುಕೊಂಡು ಹೋದರೆ ಸಾಕು. ನಾಲ್ಕು ದಿನದಲ್ಲಿ ತರಗತಿಯ ಎಲ್ಲ ಮಕ್ಕಳೂ ಆ ತುಂಡು ಹಿಡಿದು ಹೋಗತೊಡಗಿದರು. ಚಿಲಕವನ್ನು ಹುಡುಗನ ತಂದೆಯೇ ಒಂದು ಶನಿವಾರ ಹೋಗಿ ಹಾಕಿದರು. ಅವರು ಬಡಗಿ ಕೆಲಸದವರು. ಬೆತ್ತದ ಬಗ್ಗೆ ಅವರು ನನ್ನ ಹತ್ತಿರ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಿಲಕವನ್ನು ಮಾತ್ರ ಒಂದನೇ ತರಗತಿಯ ಮಕ್ಕಳ ಕೈಗೆ ಎಟಕುವಷ್ಟು ಕೆಳಗೆ ಹಾಕಿದ್ದರು.

ಆರು ಶಬ್ದ, ಒಂದು ಮರದ ತುಂಡು, ಒಂದು ಚಿಲಕ. ಕನ್ನಡ ಬಲ್ಲ ಅಧ್ಯಾಪಕರನ್ನೇ ಕನ್ನಡ ಶಾಲೆಗೆ ಕೊಡಿ ಎಂದು ನಾವು ಕೇಳುವುದನ್ನು ಬಿಡಬಾರದು. ಅದು ನಮ್ಮ ಹಕ್ಕು, ಅದಕ್ಕಾಗಿ ಮುಂದೆಯೂ ಸಹಿ ಹಾಕುತ್ತೇನೆ. ಆದರೆ ಆ ಆದೇಶ ಬರುವವರೆಗೆ ಮಗು ಹಿಡಿದುಕೊಂಡು ಕೂರಲಿಕ್ಕೆ ಆಗುವುದಿಲ್ಲ. ಜೂನಿನಲ್ಲಿ ರಕ್ಷಕ ಶಿಕ್ಷಕ ಸಂಘದ ಸಭೆಗೆ ಹೋಗುವವರು ಕುರ್ಚಿಯಲ್ಲಿ ಕೂರುವ ಮೊದಲು ಒಮ್ಮೆ ಶಾಲೆಯ ಹಿಂದೆ ಹೋಗಿ ನೋಡಿ ಬನ್ನಿ: ನೀರು ಬರುತ್ತದಾ, ಬಾಲ್ದಿ ಚೆಂಬು ಉಂಟಾ, ಬಾಗಿಲು ಹಾಕಲಿಕ್ಕೆ ಆಗುತ್ತದಾ ಎಂದು. ಮನೆಗೆ ಬಂದ ಮೇಲೆ ಮಗುವಿನ ಹತ್ತಿರ ಇವತ್ತು ಎಂತ ಪಾಠ ಎಂದು ಕೇಳುವಾಗ, ಶಾಲೆಯಲ್ಲಿ ಎರಡಕ್ಕೆ ಹೋಗಬೇಕೆನಿಸಿದರೆ ನೀನು ಎಂತ ಮಾಡ್ತೀ ಎಂದೂ ಕೇಳಿ. ಅದು ತಕ್ಷಣ ಉತ್ತರ ಕೊಡದಿದ್ದರೆ ಇನ್ನೊಂದು ಸಲ ಕೇಳಿ.